ಕ್ಷಯದ ಆಸ್ಪತ್ರೆ ಜಾಗದಲ್ಲಿ ಹೃದಯದ ಆಸ್ಪತ್ರೆ: ಎಕ್ಸ್‌ರೇ ಕಲಿಸಿದ ಲೆಕ್ಕ

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನ ಕಡೆಯ ಹಳ್ಳಿಗಳಲ್ಲಿ ಯಾರಿಗೆ ಎದೆನೋವು ಬಂದರೂ ಮೊದಲು ಬಾಯಿಗೆ ಬರುವ ಹೆಸರು ಅದೇ. ಮೈಸೂರಿಗೆ ಜಯದೇವ ಬಂದದ್ದು 2010ರಲ್ಲಿ, ಕೆ.ಆರ್. ಆಸ್ಪತ್ರೆಯ ಆವರಣಕ್ಕೆ. ಈಗಿನ ದೊಡ್ಡ ಕಟ್ಟಡ ಉದ್ಘಾಟನೆಯಾದದ್ದು 2018ರಲ್ಲಿ.

ಆ ಕಟ್ಟಡ ಎದ್ದಿರುವ ಜಾಗ ಮೊದಲು ಬೇರೆ ಕಾಯಿಲೆಯ ಜಾಗವಾಗಿತ್ತು. ಹಳಬರು ಅದನ್ನು ಈಗಲೂ ‘ಪಿಕೆಟಿಬಿ’ ಎನ್ನುತ್ತಾರೆ. ಪೂರ್ತಿ ಹೆಸರು ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ನೆನಪಿನಲ್ಲಿ ಸುಮಾರು ನೂರು ವರ್ಷದ ಹಿಂದೆ ಊರಾಚೆ, ಗಾಳಿ ಬೆಳಕು ಚೆನ್ನಾಗಿ ಬರುವ ಕಡೆ ಈ ಆಸ್ಪತ್ರೆ ಕಟ್ಟಿದರು. ಆಗ ಕ್ಷಯಕ್ಕೆ ಮಾತ್ರೆ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ, ಇಷ್ಟೇ ಔಷಧ.

ಕ್ಷಯಕ್ಕೂ ಹೃದಯಕ್ಕೂ ಏನು ಸಂಬಂಧ? ಇವೆರಡನ್ನೂ ಜೋಡಿಸುವುದು ಎಕ್ಸ್‌ರೇ. ಇವತ್ತು ಆಂಜಿಯೋಗ್ರಾಂ, ಸಿಟಿ ಸ್ಕ್ಯಾನ್ ಮಾಡಿಸುವ ನಮ್ಮವರಿಗೆ ಎಷ್ಟು ವಿಕಿರಣ ಬೀಳುತ್ತದೆ, ಅದರಿಂದ ಎಷ್ಟು ಅಪಾಯ ಎಂದು ವಿಜ್ಞಾನಿಗಳು ಹೇಳುವ ಮಾತಿನ ಒಂದು ಬೇರು ಹಳೆಯ ಕ್ಷಯ ರೋಗಿಗಳ ಕಥೆಯಲ್ಲಿದೆ. ಆ ಕಥೆ ಗೊತ್ತಿದ್ದರೆ ಸುಮ್ಮನೆ ಹೆದರುವುದೂ ಇಲ್ಲ, ಸುಮ್ಮನೆ ಟೆಸ್ಟ್ ಮಾಡಿಸುವುದೂ ಇಲ್ಲ.

ಎರಡು ತರಹದ ಭಯ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ರಾಜ್ಯದ ಹೃದಯದ ಆಸ್ಪತ್ರೆಗಳಲ್ಲಿ ಜನ ತುಂಬಿಕೊಂಡರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಗಾಬರಿ ಬೀಳಬೇಡಿ, ಎಲ್ಲರೂ ಒಟ್ಟಿಗೆ ಬರಬೇಡಿ ಎಂದು ವೈದ್ಯರು ಕೇಳಿಕೊಳ್ಳಬೇಕಾಯಿತು.

ಆ ಸಾಲಿನಲ್ಲಿ ನಿಜವಾಗಿ ಕಾಯಿಲೆ ಇದ್ದವರೂ ಇದ್ದರು, ಏನೂ ಇಲ್ಲದ ಹುಡುಗರೂ ಇದ್ದರು. ‘ಎಲ್ಲ ಟೆಸ್ಟೂ ಮಾಡಿಬಿಡಿ ಸಾರ್, ಒಂದು ಸಲ ನೋಡ್ಕೊಂಡ್ಬಿಡೋಣ’ ಎನ್ನುವುದು ಒಂದು ಭಯ.

ಹಳ್ಳಿಗಳಲ್ಲಿ ನಾವು ಕೇಳುವ ಇನ್ನೊಂದು ಭಯ ಇದಕ್ಕೆ ತಿರುಗುಮುರುಗು. ‘ಆಂಜಿಯೋ ಮಾಡಿಸಿದರೆ ಕ್ಯಾನ್ಸರ್ ಬರುತ್ತಂತೆ, ಬೇಡ ಬಿಡಿ’ ಎಂದು ಮನೆಗೆ ಕರೆದುಕೊಂಡು ಹೋಗುವವರೂ ಇದ್ದಾರೆ. ಇದರಲ್ಲಿ ಒಂದು ಗೊಂದಲವೂ ಸೇರಿದೆ. ಕ್ಯಾನ್ಸರ್ ಆದವರಿಗೆ ‘ಕರೆಂಟ್ ಕೊಡುವುದು’ ಎನ್ನುತ್ತೇವಲ್ಲ, ಅದೂ ವಿಕಿರಣವೇ. ಆದರೆ ಅಲ್ಲಿ ಗೆಡ್ಡೆಯನ್ನು ಸುಡಲೆಂದೇ ಒಂದೇ ಜಾಗಕ್ಕೆ ಕೊಡುವ ಪ್ರಮಾಣ, ಹೃದಯದ ಟೆಸ್ಟಿನಲ್ಲಿ ಮೈಗೆ ಬೀಳುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಕೈ ಸುಟ್ಟುಕೊಂಡವರು

1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣವನ್ನು ಕಂಡ. ಏನೆಂದು ಗೊತ್ತಾಗದೆ ‘ಎಕ್ಸ್’ ಎಂದು ಕರೆದ. ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಎಲುಬಿನ ಚಿತ್ರ ತೆಗೆದ. ಕೆಲವೇ ತಿಂಗಳಲ್ಲಿ ಪ್ರಪಂಚದ ತುಂಬ ಎಕ್ಸ್‌ರೇ ಯಂತ್ರಗಳು ಬಂದವು. ಜಾತ್ರೆಯಲ್ಲಿ ದುಡ್ಡು ಕೊಟ್ಟು ಕೈ ಮೂಳೆ ನೋಡಿಕೊಂಡವರೂ ಉಂಟು.

ಅಪಾಯ ಮೊದಲು ಗೊತ್ತಾದದ್ದು ಯಂತ್ರ ಓಡಿಸುವವರಿಗೆ. ಬಲ್ಬು ಖ್ಯಾತಿಯ ಥಾಮಸ್ ಎಡಿಸನ್ ಬಳಿ ಕ್ಲಾರೆನ್ಸ್ ಡ್ಯಾಲಿ ಎಂಬ ಸಹಾಯಕನಿದ್ದ. ಯಂತ್ರ ಸರಿಯಾಗಿದೆಯೇ ಎಂದು ತನ್ನ ಕೈಯನ್ನೇ ಒಡ್ಡಿ ನೋಡುತ್ತಿದ್ದ. ಕೈ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕೈ ಕತ್ತರಿಸಿದರೂ ಉಳಿಯಲಿಲ್ಲ. 1904ರಲ್ಲಿ ಸತ್ತ. ಎಡಿಸನ್ ಎಕ್ಸ್‌ರೇ ಕೆಲಸವನ್ನೇ ಕೈಬಿಟ್ಟ. ಹೀಗೆ ಸತ್ತ ವೈದ್ಯರು, ನರ್ಸುಗಳು, ತಂತ್ರಜ್ಞರ ಹೆಸರು ಕೆತ್ತಿದ ಒಂದು ಕಲ್ಲನ್ನು 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ನಿಲ್ಲಿಸಿದರು.

ಇವರಿಗೆಲ್ಲ ಬಿದ್ದದ್ದು ತುಂಬ ದೊಡ್ಡ ಪ್ರಮಾಣ. ಸ್ವಲ್ಪ ಸ್ವಲ್ಪವೇ, ಆದರೆ ಮತ್ತೆ ಮತ್ತೆ ಬಿದ್ದರೆ ಏನಾಗುತ್ತದೆ? ಉತ್ತರ ಸಿಕ್ಕಿದ್ದು ಕ್ಷಯದ ವಾರ್ಡುಗಳಲ್ಲಿ.

ಕ್ಷಯದ ವಾರ್ಡು ಹೇಳಿದ್ದು

ಸ್ಟ್ರೆಪ್ಟೊಮೈಸಿನ್ ಬರುವ ಮೊದಲು ಕ್ಷಯಕ್ಕೆ ಒಂದು ಚಿಕಿತ್ಸೆ ಇತ್ತು. ಎದೆಗೂಡಿಗೆ ಸೂಜಿ ಚುಚ್ಚಿ ಗಾಳಿ ತುಂಬುವುದು. ಆಗ ಕಾಯಿಲೆಯ ಶ್ವಾಸಕೋಶ ಕುಗ್ಗಿ ವಿಶ್ರಾಂತಿ ಪಡೆಯುತ್ತದೆ ಎಂಬ ಲೆಕ್ಕ. ತುಂಬಿದ ಗಾಳಿ ಕೆಲವು ದಿನಕ್ಕೆ ಇಳಿಯುತ್ತಿತ್ತು, ಮತ್ತೆ ತುಂಬಬೇಕಿತ್ತು. ಪ್ರತಿ ಸಲವೂ ರೋಗಿಯನ್ನು ಎಕ್ಸ್‌ರೇ ಪರದೆಯ ಮುಂದೆ ನಿಲ್ಲಿಸಿ ಎದೆಯೊಳಗೆ ನೋಡುತ್ತಿದ್ದರು. ಇದು ವರ್ಷಗಟ್ಟಲೆ ನಡೆಯುತ್ತಿತ್ತು.

1965ರಲ್ಲಿ ಕೆನಡಾದ ನೋವಾ ಸ್ಕಾಟಿಯಾದ ಇಯಾನ್ ಮೆಕೆಂಜಿ ಎಂಬ ವೈದ್ಯ, ಹೀಗೆ ಚಿಕಿತ್ಸೆ ಪಡೆದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಕಾಣುತ್ತಿದೆ ಎಂದು ಬರೆದ. 1977ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕ್ಷಯದ ಆಸ್ಪತ್ರೆಗಳ ಹಳೆಯ ಕಡತ ತೆಗೆದು ನೋಡಿದರು. ಎಕ್ಸ್‌ರೇ ಪರದೆಯ ಮುಂದೆ ತಲಾ ಸರಾಸರಿ ನೂರು ಸಲ ನಿಂತಿದ್ದ 1,047 ಹೆಂಗಸರ ಲೆಕ್ಕ ಸಿಕ್ಕಿತು. ಸಾಮಾನ್ಯವಾಗಿ ಅಷ್ಟು ಜನರಲ್ಲಿ ಸುಮಾರು 23 ಮಂದಿಗೆ ಸ್ತನ ಕ್ಯಾನ್ಸರ್ ಬರಬೇಕಿತ್ತು. ಬಂದದ್ದು 41 ಮಂದಿಗೆ.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಅದು ಒಂದು ಎರಡು ಎಕ್ಸ್‌ರೇಯ ಕಥೆಯಲ್ಲ, ನೂರು ಸಲದ ಕಥೆ. ಎರಡು, ಆಗ ಆ ವೈದ್ಯರು ಯಾರೂ ಕೆಟ್ಟವರಲ್ಲ. ಪ್ರತಿ ಸಲ ನೋಡಿದ್ದೂ ಆ ದಿನದ ಮಟ್ಟಿಗೆ ಸರಿಯೇ. ಆದರೆ ಎಲ್ಲ ಸಲದ್ದನ್ನೂ ಕೂಡಿ ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ಲೆಕ್ಕ ಸಿಕ್ಕಿದ್ದು ಹತ್ತಾರು ವರ್ಷ ಕಳೆದ ಮೇಲೆ, ಕಡತಗಳು ಉಳಿದಿದ್ದರಿಂದ.

ಹೃದಯದೊಳಗೆ ಇಣುಕಿದ್ದು

ಹೃದಯದ ಕಡೆ ಬರೋಣ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ ತನ್ನ ತೋಳಿನ ರಕ್ತನಾಳದಲ್ಲಿ ತೆಳು ಕೊಳವೆ ತೂರಿಸಿಕೊಂಡು, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ, ಕೊಳವೆಯ ತುದಿ ಹೃದಯ ಮುಟ್ಟಿದ್ದನ್ನು ಚಿತ್ರದಲ್ಲಿ ತೋರಿಸಿದ. ಆಗ ಬೈಸಿಕೊಂಡ. 1956ರಲ್ಲಿ ಅದಕ್ಕೇ ನೊಬೆಲ್ ಬಂತು.

1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಒಬ್ಬ ರೋಗಿಯ ಹೃದಯ ನೋಡುತ್ತಿದ್ದಾಗ ಕೊಳವೆ ಜಾರಿ, ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳದೊಳಗೆ ಡೈ ಹೋಯಿತು. ರೋಗಿ ಸಾಯುತ್ತಾನೆಂದು ಎಲ್ಲರೂ ಹೆದರಿದರು. ಅವನು ಬದುಕಿದ. ಆ ನಾಳದ ಚಿತ್ರ ಸ್ಪಷ್ಟವಾಗಿ ಬಂದಿತ್ತು. ನಾವು ಇವತ್ತು ‘ಆಂಜಿಯೋ’ ಎನ್ನುವುದು ಹುಟ್ಟಿದ್ದು ಹೀಗೆ. 1977ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅದೇ ದಾರಿಯಲ್ಲಿ ಸಣ್ಣ ಬಲೂನು ಕಳಿಸಿ ಬ್ಲಾಕ್ ತೆರೆದ. ಅದು ಆಂಜಿಯೋಪ್ಲಾಸ್ಟಿ. ಸ್ಟೆಂಟ್ ಅದರ ನಂತರ ಬಂತು.

ಈ ಕೆಲಸ ಮಾಡುವ ಕ್ಯಾತ್ ಲ್ಯಾಬಿನಲ್ಲಿ ಎಕ್ಸ್‌ರೇ ಒಂದು ಕ್ಷಣ ಬಂದು ಹೋಗುವುದಿಲ್ಲ. ವೈದ್ಯರು ಪೆಡಲ್ ಒತ್ತಿದಷ್ಟು ಹೊತ್ತು ಬರುತ್ತದೆ. ಬ್ಲಾಕ್ ಕಷ್ಟದ್ದಾದರೆ ಹೊತ್ತು ಹೆಚ್ಚು. 1994ರಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು: ಇಂಥ ದೀರ್ಘ ಚಿಕಿತ್ಸೆ ಆದ ಕೆಲವರಿಗೆ ಬೆನ್ನಿನ ಚರ್ಮ ಸುಟ್ಟಂತೆ ಆಗಿದೆ. ಅದು ಅಪರೂಪ. ಆದರೂ ತುಂಬ ಹೊತ್ತು ಹಿಡಿದ ಸ್ಟೆಂಟ್ ಆದ ಮೇಲೆ ಕೆಲವು ವಾರದಲ್ಲಿ ಬೆನ್ನಿನ ಮೇಲೆ ಕೆಂಪು ಚೌಕ ಕಂಡರೆ, ಹುಳುಕಡ್ಡಿ ಎಂದು ಮುಲಾಮು ಹಚ್ಚಿಕೊಂಡು ಕೂರದೆ ಸ್ಟೆಂಟ್ ಹಾಕಿದ ವೈದ್ಯರಿಗೇ ತೋರಿಸಬೇಕು.

ಯಾವ ಟೆಸ್ಟಿಗೆ ಎಷ್ಟು?

ಮಳೆ ಅಳೆಯಲು ಮಿಲಿಮೀಟರ್ ಇದ್ದ ಹಾಗೆ, ಮೈಗೆ ಬಿದ್ದ ವಿಕಿರಣ ಅಳೆಯಲು ಮಿಲಿಸೀವರ್ಟ್ ಇದೆ. ಏನೂ ಟೆಸ್ಟ್ ಮಾಡಿಸದೆ ಮನೆಯಲ್ಲಿದ್ದರೂ ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಇದು ಪ್ರಪಂಚದ ಸರಾಸರಿ. ಗ್ರಾನೈಟ್ ಬಂಡೆ ಇರುವ ಕಡೆ ಸ್ವಲ್ಪ ಹೆಚ್ಚೇ.

ಈಗ ಟೆಸ್ಟುಗಳನ್ನು ನೋಡಿ. ಇವು ಸುಮಾರು ಲೆಕ್ಕ. ಯಂತ್ರ, ರೋಗಿಯ ಮೈಕಟ್ಟು, ಮಾಡುವವರ ಕೈಚಳಕದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

ಇಸಿಜಿ: ಸೊನ್ನೆ. ಅದು ಹೃದಯದ ವಿದ್ಯುತ್ತನ್ನು ಬರೆದುಕೊಳ್ಳುತ್ತದೆ, ಮೈಗೆ ಏನನ್ನೂ ಬಿಡುವುದಿಲ್ಲ.

ಎಕೋ: ಸೊನ್ನೆ. ಅದು ಶಬ್ದದ ಅಲೆ, ಬಸುರಿಯರಿಗೆ ಮಾಡುವ ಸ್ಕ್ಯಾನಿನ ಹಾಗೆ. 1953ರಲ್ಲಿ ಸ್ವೀಡನ್‌ನ ಇಬ್ಬರು ಹಡಗು ಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರ ಎರವಲು ತಂದು ಹೃದಯಕ್ಕೆ ಹಿಡಿದು ನೋಡಿದ್ದರಿಂದ ಇದು ಶುರುವಾಯಿತು.

ಟಿಎಂಟಿ, ಅಂದರೆ ಬೆಲ್ಟಿನ ಮೇಲೆ ನಡೆಸುವುದು: ಸೊನ್ನೆ.

ಎಂಆರ್‌ಐ: ಸೊನ್ನೆ. ಅದು ಅಯಸ್ಕಾಂತ.

ಎದೆಯ ಒಂದು ಎಕ್ಸ್‌ರೇ: 0.1ಕ್ಕಿಂತ ಕಡಿಮೆ.

ಕೈ ಅಥವಾ ತೊಡೆಯಿಂದ ಮಾಡುವ ಆಂಜಿಯೋಗ್ರಾಂ: ಸುಮಾರು 5ರಿಂದ 7. ಅಂದರೆ ಎರಡು ಮೂರು ವರ್ಷ ಮಣ್ಣು ಆಕಾಶದಿಂದ ಬೀಳುವಷ್ಟು.

ಸ್ಟೆಂಟ್ ಹಾಕುವುದು: ಸುಮಾರು 15. ಕಷ್ಟದ ಬ್ಲಾಕ್ ಆದರೆ ಇನ್ನೂ ಹೆಚ್ಚು.

ಸಿಟಿ ಆಂಜಿಯೋಗ್ರಾಂ: ಇದರ ಕಥೆ ಖುಷಿ ಕೊಡುವಂಥದ್ದು. 2007ರಲ್ಲಿ ಹಲವು ದೇಶಗಳ 50 ಕೇಂದ್ರಗಳಲ್ಲಿ ಅಳೆದಾಗ ಸುಮಾರು 12 ಇತ್ತು. ಹತ್ತು ವರ್ಷದ ಮೇಲೆ, 2017ರಲ್ಲಿ ಅಳೆದಾಗ ಸುಮಾರು 3ಕ್ಕೆ ಇಳಿದಿತ್ತು. ಹೃದಯ ನಿಂತಂತಿರುವ ಕ್ಷಣದಲ್ಲಿ ಮಾತ್ರ ಕಿರಣ ಬಿಡುವುದನ್ನು ಕಲಿತರು. ನಾಡಿ ಜೋರಾಗಿದ್ದರೆ ಮಾತ್ರೆ ಕೊಟ್ಟು ನಿಧಾನ ಮಾಡಿ ಆಮೇಲೆ ಸ್ಕ್ಯಾನ್ ಮಾಡುವುದು ಇದಕ್ಕೇ. ಆದರೆ ಹಳೆಯ ಯಂತ್ರ, ಹಳೆಯ ಅಭ್ಯಾಸ ಇರುವ ಕಡೆ ಹಳೆಯ ಲೆಕ್ಕವೇ ಇರುತ್ತದೆ.

ನ್ಯೂಕ್ಲಿಯರ್ ಸ್ಕ್ಯಾನ್: ರಕ್ತಕ್ಕೆ ವಿಕಿರಣ ಬಿಡುವ ಔಷಧ ಚುಚ್ಚಿ, ಹೃದಯದ ಸ್ನಾಯುವಿಗೆ ರಕ್ತ ಎಲ್ಲಿ ತಲುಪುತ್ತಿದೆ ಎಂದು ಕ್ಯಾಮೆರಾದಲ್ಲಿ ನೋಡುವುದು. ಇದನ್ನು ಇವತ್ತಿಗೂ ಬಹಳ ಕಡೆ ‘ಥ್ಯಾಲಿಯಂ ಟೆಸ್ಟ್’ ಎನ್ನುತ್ತಾರೆ. 1970ರ ದಶಕದಲ್ಲಿ ಶುರುವಾದಾಗ ಥ್ಯಾಲಿಯಂ ಚುಚ್ಚುತ್ತಿದ್ದರು. ಅದರ ಕಸುವು ಅರ್ಧಕ್ಕೆ ಇಳಿಯಲು 73 ಗಂಟೆ ಬೇಕು, 20 ಮಿಲಿಸೀವರ್ಟ್ ದಾಟುತ್ತಿತ್ತು. ಈಗ ಹೆಚ್ಚಾಗಿ ಟೆಕ್ನೀಷಿಯಂ ಬಳಸುತ್ತಾರೆ, ಅದು 6 ಗಂಟೆಗೆ ಅರ್ಧವಾಗುತ್ತದೆ, ಸುಮಾರು 10 ಬೀಳುತ್ತದೆ. ಔಷಧ ಬದಲಾಯಿತು, ಹಳೆ ಹೆಸರು ಉಳಿಯಿತು. ಯಾವುದು ಚುಚ್ಚುತ್ತೀರಿ ಎಂದು ಕೇಳಿದರೆ ತಪ್ಪಿಲ್ಲ. ಮಾಡಿಸಿಕೊಂಡ ದಿನ ಎಳೆಮಕ್ಕಳನ್ನು ಮಡಿಲಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳದಿರುವುದು ಒಳ್ಳೆಯದು. ಮೊಲೆ ಹಾಲು ಕೊಡುವ ತಾಯಿ ಮೊದಲೇ ಹೇಳಬೇಕು.

2013ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 65 ದೇಶಗಳ 308 ಲ್ಯಾಬುಗಳಲ್ಲಿ ಇದೇ ಸ್ಕ್ಯಾನನ್ನು ಅಳೆಯಿತು. ಒಂದೇ ಟೆಸ್ಟು, ಆದರೆ ಲ್ಯಾಬಿನಿಂದ ಲ್ಯಾಬಿಗೆ ಬಹಳ ವ್ಯತ್ಯಾಸ. 9 ಮಿಲಿಸೀವರ್ಟ್‌ನ ಗುರಿಯೊಳಗೆ ಇದ್ದದ್ದು ನೂರರಲ್ಲಿ ಸುಮಾರು 30 ಲ್ಯಾಬು ಮಾತ್ರ. ಟೆಸ್ಟಿನ ಹೆಸರಷ್ಟೇ ಸಾಲದು, ಮಾಡುವ ರೀತಿಯೂ ಮುಖ್ಯ ಎನ್ನುವುದಕ್ಕೆ ಇದು ಸಾಕ್ಷಿ.

ಹಾಗಾದರೆ ಅಪಾಯ ಎಷ್ಟು?

ಕ್ಷಯ ರೋಗಿಗಳು, ಹಿರೋಷಿಮಾ ನಾಗಸಾಕಿಯಲ್ಲಿ ಬದುಕುಳಿದವರು, ಇಂಥವರ ಲೆಕ್ಕ ಸೇರಿಸಿ 2006ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ ಒಂದು ಅಂದಾಜು ಕೊಟ್ಟಿತು. ನೂರು ಜನಕ್ಕೆ ತಲಾ 100 ಮಿಲಿಸೀವರ್ಟ್ ಬಿದ್ದರೆ ಜೀವಮಾನದಲ್ಲಿ ಸುಮಾರು ಒಬ್ಬರಿಗೆ ಅದರಿಂದ ಕ್ಯಾನ್ಸರ್ ಬರಬಹುದು. ಅದೇ ಲೆಕ್ಕದಲ್ಲಿ ಸಾವಿರ ಜನಕ್ಕೆ ತಲಾ 10 ಬಿದ್ದರೆ ಒಬ್ಬರಿಗೆ.

ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಂಭವ ಇದೆ ಎಂದು ಐಸಿಎಂಆರ್‌ನ ಕ್ಯಾನ್ಸರ್ ನೋಂದಣಿ ವಿಭಾಗ 2022ರಲ್ಲಿ ಅಂದಾಜು ಮಾಡಿದೆ. ಅಂದರೆ ಯಾವ ಟೆಸ್ಟೂ ಇಲ್ಲದೆ ಸಾವಿರದಲ್ಲಿ ಸುಮಾರು 111 ಮಂದಿ. ಎಲ್ಲರಿಗೂ 10 ಮಿಲಿಸೀವರ್ಟ್‌ನ ಒಂದು ಟೆಸ್ಟ್ ಮಾಡಿದರೆ ಅದು 112 ಆಗಬಹುದು.

ಈ ಅಂದಾಜಿನ ಬಗ್ಗೆ ವಿಜ್ಞಾನಿಗಳಲ್ಲೇ ವಾದ ಇದೆ. ಕೇರಳದ ಕರುನಾಗಪ್ಪಳ್ಳಿಯ ಸಮುದ್ರದ ಮರಳಿನಲ್ಲಿ ಥೋರಿಯಂ ಇದೆ. ಅಲ್ಲಿನವರಿಗೆ ತಲೆಮಾರುಗಳಿಂದ ಹೆಚ್ಚು ವಿಕಿರಣ ಬೀಳುತ್ತಿದ್ದರೂ ಅದರಿಂದ ಕ್ಯಾನ್ಸರ್ ಹೆಚ್ಚಾಗಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೆನಡಾದ ಕ್ಷಯ ರೋಗಿಗಳಲ್ಲೂ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿರಲಿಲ್ಲ. ಆದರೂ ಸಣ್ಣ ಪ್ರಮಾಣಕ್ಕೂ ಸಣ್ಣ ಅಪಾಯ ಇದೆ ಎಂದುಕೊಂಡೇ ನಡೆಯುವುದು ಎಲ್ಲ ದೇಶಗಳ ನಿಯಮ.

ವಯಸ್ಸು ಇಲ್ಲಿ ದೊಡ್ಡ ಮಾತು. ಸಿಟಿ ಆಂಜಿಯೋದ ಹಳೆಯ, ಹೆಚ್ಚು ಪ್ರಮಾಣದ ಕಾಲದಲ್ಲಿ, 2007ರಲ್ಲಿ ಒಂದು ಲೆಕ್ಕ ಬಂತು. ಒಂದು ಸ್ಕ್ಯಾನಿನಿಂದ ಕ್ಯಾನ್ಸರ್ ಬರುವ ಸಂಭವ 20 ವರ್ಷದ ಹೆಣ್ಣುಮಗಳಿಗೆ 143ರಲ್ಲಿ ಒಂದು, 80 ವರ್ಷದ ಅಜ್ಜನಿಗೆ 3,261ರಲ್ಲಿ ಒಂದು. ವಿಕಿರಣದ ಕ್ಯಾನ್ಸರ್ ಬರಲು ಹತ್ತಾರು ವರ್ಷ ಬೇಕು, ಜೊತೆಗೆ ಎಳೆಯ ಮೈ ಹೆಚ್ಚು ಸೂಕ್ಷ್ಮ.

ಈಗ ಎರಡೂ ಭಯಗಳನ್ನು ತಕ್ಕಡಿಗೆ ಹಾಕಿ. 60 ವರ್ಷದ ರೈತನಿಗೆ ಎದೆ ಹಿಂಡಿ, ಬೆವರು ಕಿತ್ತು, ಇಸಿಜಿಯಲ್ಲಿ ಹೃದಯಾಘಾತ ಕಂಡಿದೆ ಎಂದುಕೊಳ್ಳಿ. ಅವನಿಗೆ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಅಲ್ಲಿ ಆಂಜಿಯೋ, ಸ್ಟೆಂಟ್ ಜೀವ ಉಳಿಸುವ ಕೆಲಸ. ಇಪ್ಪತ್ತು ವರ್ಷದ ಮೇಲಿನ ಸಾವಿರದಲ್ಲೊಂದು ಮಾತಿಗೆ ಹೆದರಿ ಮನೆಗೆ ಕರೆದುಕೊಂಡು ಹೋದರೆ ಅವನನ್ನು ಕಳೆದುಕೊಳ್ಳುತ್ತೇವೆ. ಅದೇ, ಏನೂ ತೊಂದರೆ ಇಲ್ಲದ 25ರ ಹುಡುಗಿಗೆ ‘ಸುಮ್ಮನೆ ನೋಡೋಣ’ ಎಂದು ಸಿಟಿ ಆಂಜಿಯೋ ಮಾಡಿಸಿದರೆ ಸಿಗುವ ಲಾಭ ಸೊನ್ನೆಗೆ ಹತ್ತಿರ, ಅಪಾಯ ಮಾತ್ರ ಅವಳದ್ದು.

ಊರಿನಲ್ಲೇ ಶುರು ಮಾಡಿ

ಎದೆನೋವು ಬಂದರೆ ಮೈಸೂರಿಗೇ ಓಡಬೇಕೆಂದಿಲ್ಲ. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಎಂದಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇಸಿಜಿಗೆ ವಿಕಿರಣ ಸೊನ್ನೆ ಎನ್ನುವುದು ನೆನಪಿರಲಿ.

ತುರ್ತು ಇಲ್ಲದಾಗ, ವೈದ್ಯರು ಸಿಟಿ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಬರೆದಾಗ, ಮೂರು ಪ್ರಶ್ನೆ ಕೇಳಬಹುದು. ಇದರ ಫಲಿತಾಂಶ ನೋಡಿ ಚಿಕಿತ್ಸೆ ಬದಲಾಗುತ್ತದೆಯೇ? ಎಕೋ, ಟಿಎಂಟಿಯಲ್ಲೇ ತಿಳಿಯುವಂತಿದೆಯೇ? ಹೋದ ವರ್ಷದ ರಿಪೋರ್ಟ್ ಇದೆ, ಅದು ಸಾಲದೇ? ಬಸುರಿ ಆಗಿರುವ ಅನುಮಾನ ಇದ್ದರೆ ಕೇಳುವ ಮೊದಲೇ ಹೇಳಿ.

ಎಕ್ಸ್‌ರೇ, ಸಿಟಿ, ಕ್ಯಾತ್ ಲ್ಯಾಬ್ ನಡೆಸಲು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅಲ್ಲಿ ಕೆಲಸ ಮಾಡುವವರ ಅಂಗಿಯ ಮೇಲೆ ಸಣ್ಣ ಬ್ಯಾಡ್ಜ್ ಇರುವುದನ್ನು ನೀವು ನೋಡಿರಬಹುದು. ಅದು ಅವರ ಮೈಗೆ ಎಷ್ಟು ಬಿತ್ತು ಎಂದು ಲೆಕ್ಕ ಇಡುತ್ತದೆ. ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು ಎಂದು ಅವರಿಗೆ ಮಿತಿ ಇದೆ.

ರೋಗಿಗೆ ಅಂಥ ಮಿತಿ ಇಲ್ಲ, ಇರಲೂಬಾರದು. ಜೀವ ಉಳಿಸಲು ಎಷ್ಟು ಬೇಕೋ ಅಷ್ಟು ಬೇಕು. ಆದರೆ ರೋಗಿಗೆ ಬ್ಯಾಡ್ಜೂ ಇಲ್ಲ. ಒಂದು ಊರಿನಲ್ಲಿ ಸಿಟಿ, ಇನ್ನೊಂದರಲ್ಲಿ ಆಂಜಿಯೋ, ಆರು ತಿಂಗಳಿಗೆ ಮತ್ತೊಂದು ಕಡೆ ಅದೇ ಸ್ಕ್ಯಾನ್ ಎಂದು ಅಲೆಯುವವರ ಲೆಕ್ಕವನ್ನು ಯಾರೂ ಕೂಡುವುದಿಲ್ಲ. ಮ್ಯಾಸಚೂಸೆಟ್ಸ್‌ನ ಹೆಂಗಸರಿಗೂ ಆಗಿದ್ದು ಇದೇ.

ಹಾಗಾಗಿ ಮನೆಯಲ್ಲಿ ಒಂದು ಕವರ್ ಇಡಿ. ಪಹಣಿ, ಪಾಸ್‌ಬುಕ್ ಜೋಪಾನ ಮಾಡುವ ಹಾಗೆ ರಿಪೋರ್ಟ್, ಸಿಡಿ, ಡಿಸ್ಚಾರ್ಜ್ ಚೀಟಿ ಎಲ್ಲ ಅದರಲ್ಲಿರಲಿ. ಕವರಿನ ಮೇಲೆ ದಿನಾಂಕ, ಟೆಸ್ಟಿನ ಹೆಸರು, ಮಾಡಿದ ಆಸ್ಪತ್ರೆ, ಇಷ್ಟನ್ನು ಸಾಲಾಗಿ ಬರೆಯಿರಿ. ಸಿಟಿ ಮತ್ತು ಆಂಜಿಯೋ ಯಂತ್ರಗಳು ಪ್ರಮಾಣವನ್ನೂ ತೋರಿಸುತ್ತವೆ, ಕೇಳಿದರೆ ಬರೆದುಕೊಡುತ್ತಾರೆ. ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ಬಾಯಲ್ಲಿ ಹೇಳುವ ಮೊದಲು ಆ ಕವರನ್ನು ವೈದ್ಯರ ಮೇಜಿನ ಮೇಲಿಡಿ.